ನಾಲ್ಕು ಊರಿನ ತೂಕ

ಸೋಮವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಗುರುವಾರ ಕೆ.ಆರ್.ಪೇಟೆ, ಶುಕ್ರವಾರ ನಾಗಮಂಗಲ. ನಡುವಿನ ಬುಧವಾರ ಪಾಂಡವಪುರದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಆಪರೇಷನ್. ಶನಿವಾರ ಮೈಸೂರಿನ ಮನೆಯಲ್ಲಿ ಕೂತು ವಾರದ ಕಾರ್ಡುಗಳನ್ನು ಜೋಡಿಸುವುದು, ಭಾನುವಾರ ತಲೆಗೆ ಎಣ್ಣೆ. ತೊಂಬತ್ತರ ದಶಕದ ಬಹುಪಾಲು ನನ್ನ ವಾರ ಹೀಗೇ ಕಳೆಯಿತು. ನಾನು ಮಕ್ಕಳ ಸರ್ಜನ್. ಆಗ ಆ ಕಡೆಯ ಹಳ್ಳಿಗಳಲ್ಲಿ ಆಪರೇಷನ್ ಎಂದರೆ ಒಂದೇ ಅರ್ಥ: ಎರಡು ಮಕ್ಕಳಾದ ಮೇಲೆ ತಾಯಂದಿರು ಮಾಡಿಸಿಕೊಳ್ಳುವಂಥದ್ದು. ಮಕ್ಕಳಿಗೇ ಆಪರೇಷನ್ ಮಾಡುತ್ತೇನೆ ಎಂದರೆ ಜನ ಒಂದು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡುತ್ತಿದ್ದರು.

ನೋಡುವುದಕ್ಕೂ ನನ್ನಲ್ಲಿ ಹೆಚ್ಚೇನೂ ಇರಲಿಲ್ಲ. ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ಬೆಳಿಗ್ಗೆ ಆರೂವರೆಗೆ ಎರಡು ಇಡ್ಲಿ, ಮಧ್ಯಾಹ್ನ ಒಂದಕ್ಕೆ ಡಬ್ಬಿಯ ಮೊಸರನ್ನ. ಪ್ರತಿ ಸೋಮವಾರ ಶ್ರೀರಂಗಪಟ್ಟಣದ ಕ್ಲಿನಿಕ್ಕಿನ ಬಾಗಿಲು ತೆಗೆದ ಕೂಡಲೇ ತೂಕದ ಮಿಷನ್ನಿನ ಮೇಲೆ ನಿಲ್ಲುತ್ತಿದ್ದೆ. ನಲವತ್ತೊಂಬತ್ತು ಕೆಜಿ. ಆ ಮುಳ್ಳು ಅತ್ತಿತ್ತ ಅಲುಗದ್ದನ್ನು ನನ್ನ ಶೀಲಕ್ಕೆ ಸಿಕ್ಕ ಪ್ರಮಾಣಪತ್ರವೆಂದೇ ತಿಳಿದಿದ್ದೆ. ನಾಲ್ಕೂ ಕ್ಲಿನಿಕ್ಕಿನಲ್ಲಿ ಒಂದೊಂದು ಮಿಷನ್ ಇಟ್ಟಿದ್ದೆ. ಬಂದ ಮಗು ಮೊದಲು ಅದರ ಮೇಲೆ ನಿಲ್ಲಬೇಕು, ತೂಕ ಕಾರ್ಡಿನಲ್ಲಿ ಬರೆದಾಗಬೇಕು, ಆಮೇಲೆ ಮಿಕ್ಕ ಮಾತು. ಎತ್ತಿಕೊಳ್ಳುವ ಕೂಸುಗಳಿಗೆ ಮಾತ್ರ ಬೇರೆ ತೊಟ್ಟಿಲು ತಕ್ಕಡಿಯಿತ್ತು. ಅದನ್ನು ಕಾರಿನಲ್ಲಿ ಜೊತೆಗೇ ಒಯ್ಯುತ್ತಿದ್ದೆ.

ಒಂದು ವರ್ಷ ಫೆಬ್ರವರಿಯ ಸೋಮವಾರ ಅರಕೆರೆ ಕಡೆಯಿಂದ ಒಂದು ಮನೆಯವರು ಬಂದರು. ಅಪ್ಪ, ಅವನ ತಾಯಿ, ಹತ್ತು ವರ್ಷದ ಹುಡುಗಿ. ನಾಲೆ ನೀರಿನ ಗದ್ದೆ, ಕಬ್ಬು, ಸ್ವಂತ ಆಲೆಮನೆ ಇದ್ದ ಕುಟುಂಬ. ಹುಡುಗಿ ಮಿಷನ್ನಿನ ಮೇಲೆ ನಿಂತಳು. ಐವತ್ತೆರಡು. ನನ್ನ ವಯಸ್ಸಿನ ಐದರಲ್ಲಿ ಒಂದು ಪಾಲು, ತೂಕದಲ್ಲಿ ನನಗಿಂತ ಮೂರು ಕೆಜಿ ಮೇಲು.

ತೊಂದರೆ ತೂಕವಲ್ಲ, ಹರ್ನಿಯಾ. ಓಡಿದರೆ, ಕೆಮ್ಮಿದರೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಒಂದು ದಿನ ಹೋಗದೆ ಅಲ್ಲೇ ಸಿಕ್ಕಿಕೊಂಡರೆ ಅಪಾಯ. ಅದಕ್ಕೆ ಮೊದಲೇ ಕೊಯ್ದು ಹೊಲಿಯಬೇಕು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಹುಡುಗಿ ಕೇಳಿದಳು.

"ಜೂನ್ ಒಳ್ಗೆ ಆಯ್ತದಾ ಮೇಡಂ?"

"ಜೂನಿನಲ್ಲಿ ಏನಿದೆ?"

"ಸ್ಕೂಲು. ಖೋ ಖೋ ಟೀಮಿಗೆ ಸೇರ್ಕಬೇಕು."

ಹುಡುಗಿಯ ಅಪ್ಪ ನಕ್ಕ. "ಇವ್ಳ್ನ ಕಂಬ ಮಾಡ್ತಾರಂತೆ ಮೇಡಂ. ಎರಡು ಕಡೆ ಕಂಬ ನೆಡ್ತಾರಲ್ಲ, ಒಂದ್ ಕಂಬ ಉಳೀತದೆ, ನೀನ್ ನಿಂತ್ಕೊ ಕಣಮ್ಮಿ ಅಂತವಂತೆ ಐಕ್ಳು."

ಹುಡುಗಿ ನಗಲಿಲ್ಲ. ನೆಲ ನೋಡಿಕೊಂಡೇ, "ಓಡುದ್ರೆ ಗಂಟು ಬತ್ತದೆ, ಅದ್ಕೇ ಓಡಾಕಿಲ್ಲ. ಅವ್ಕೇನ್ ಗೊತ್ತು," ಅಂದಳು.

ನಮ್ಮಲ್ಲಿ ಆಪರೇಷನ್ನಿಗೆ ಅರಿವಳಿಕೆಯ ಮತ್ತು ಕೊಡುವ ಡಾಕ್ಟರು ಸೋಮವಾರ ಮೈಸೂರಿನಿಂದ ಸ್ಕೂಟರಿನಲ್ಲಿ ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದರು. ಮಿತಭಾಷಿ. ಹುಡುಗಿಯ ಕಾರ್ಡು ನೋಡಿ, ಅವಳು ಮಲಗಿದಾಗ ಗೊರಕೆ ಹೊಡೆಯುತ್ತಾಳೆಂದು ಕೇಳಿ, ಆಗದು ಎಂದು ತಲೆಯಾಡಿಸಿದರು. ಈ ತೂಕಕ್ಕೆ, ಈ ಗೊರಕೆಗೆ, ಪಾಂಡವಪುರದ ಆ ಸಣ್ಣ ನರ್ಸಿಂಗ್ ಹೋಮಿನಲ್ಲಿ ತಾವು ಮತ್ತು ಕೊಡುವುದಿಲ್ಲ. ಐದು ಕೆಜಿ ಇಳಿಸಿಕೊಂಡು ಬರಲಿ, ಇಲ್ಲವೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಲಿ. ಬೆಂಗಳೂರು ಎಂದ ಕೂಡಲೇ ಅಜ್ಜಿ ಸೆರಗು ಬಿಗಿದರು.

"ಅಲ್ಲಿ ಮಕ್ಳ ಎಸ್ರು ಕೂಗಾಕಿಲ್ವಂತೆ, ನಂಬರ್ ಕೂಗ್ತಾರಂತೆ. ನಾವು ಒಲ್ಲೆವು ಕಣವ್ವ."

ಸರಿ, ಹಾಗಾದರೆ ಐದು ಕೆಜಿ ಇಳಿಯಬೇಕು ಎಂದೆ. ಆಲೆಮನೆಗೆ ಹೋಗುವಂತಿಲ್ಲ. ಬಿಸಿ ಬೆಲ್ಲ ಇಲ್ಲ, ಕಬ್ಬಿನ ಹಾಲು ಇಲ್ಲ. ಶಾಲೆಗೆ ಟ್ರಾಕ್ಟರಿನಲ್ಲಿ ಅಲ್ಲ, ನಾಲೆ ಏರಿಯ ಮೇಲೆ ನಡೆದುಕೊಂಡು. ಓಡುವಂತಿಲ್ಲ, ನಡೆಯಬೇಕು. ವಾರಕ್ಕೊಮ್ಮೆ ತೂಕ. ನನ್ನ ನಾಲ್ಕು ಊರಿನಲ್ಲಿ ಯಾವ ಊರಿಗೆ ಬಂದರೂ ಸರಿ. ಆ ಕೊನೆಯ ವಾಕ್ಯವನ್ನು ನನ್ನ ಔದಾರ್ಯವೆಂದು ಹೇಳಿದ್ದೆ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. "ನೀನೇ ಉಣ್ಣಕಿಲ್ದೋಳಂಗೆ ಇದ್ದೀಯ. ನಿನ್ನಂಗೆ ಮಾಡ್ತೀಯಾ ನನ್ ಕೂಸ್ನೂವೆ?"

ಮಾರನೆಯ ದಿನ ಪಾಂಡವಪುರಕ್ಕೆ ಅಪ್ಪ ಒಬ್ಬನೇ ಬಂದ. ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಪತ್ರಿಕೆಯ ತುಂಡು. ಹೊರದೇಶದಲ್ಲಿ ದಪ್ಪ ಇರುವವರ ಹೊಟ್ಟೆಯನ್ನು ಒಳಗೇ ಹೊಲಿದು ಚಿಕ್ಕದು ಮಾಡುತ್ತಾರೆ, ಆಮೇಲೆ ಅವರು ಒಂದಿಷ್ಟು ಉಂಡರೆ ಸಾಕೆನ್ನುತ್ತಾರೆ ಎಂದು ಅದರಲ್ಲಿತ್ತು.

"ಎಂಗೂ ಕೊಯ್ತೀರಲ್ಲ ಮೇಡಂ. ಅಂಗೇ ಒಂಚೂರು ಮ್ಯಾಕೆ ಕೈ ಹಾಕಿ ಹೊಟ್ಟೆಗೂ ಎರಡು ಹೊಲಿಗೆ ಹಾಕ್ಬುಡಿ."

"ಅದು ಬೇರೆ ಆಪರೇಷನ್. ಮಕ್ಕಳಿಗೆ ಮಾಡುವಂಥದ್ದಲ್ಲ."

"ಟ್ರಾಕ್ಟರು ಗ್ಯಾರೇಜಿಗೆ ಬುಟ್ಟಾಗ ನಾವು ಎಲ್ಲಾ ಕೆಲ್ಸನೂ ಒಂದೇ ಸಲಕ್ಕೆ ಮಾಡುಸ್ಬುಡ್ತೀವಿ. ಇಂಜಿನ್ ಬಿಚ್ಚಿದ್ಮೇಲೆ ಕ್ಲಚ್ಚೂ ನೋಡ್ತಾನೆ ಮೆಕಾನಿಕ್ಕು."

"ಹುಡುಗಿ ಟ್ರಾಕ್ಟರಲ್ಲ."

"ಅಲ್ಲ ಬುಡಿ. ಟ್ರಾಕ್ಟರಾಗಿದ್ರೆ ಇಷ್ಟು ತಿಂತಿರ್ಲಿಲ್ಲ."

ಈಗ ಬೆಂಗಳೂರು ರಸ್ತೆಯುದ್ದಕ್ಕೂ ಆ ಆಪರೇಷನ್ನಿನ ಫಲಕಗಳು ನಿಂತಿವೆ, ಎಡಕ್ಕೆ ದಪ್ಪ ಮನುಷ್ಯ, ಬಲಕ್ಕೆ ಅದೇ ಮನುಷ್ಯ ತೆಳ್ಳಗೆ, ಇಬ್ಬರಿಗೂ ಒಂದೇ ಅಂಗಿ. ಅವನ್ನು ಕಂಡಾಗಲೆಲ್ಲ ಆ ಅಪ್ಪ ಕಾಲಕ್ಕಿಂತ ಮುಂದಿದ್ದ ಎನ್ನಿಸುತ್ತದೆ. ಆವತ್ತು ಮಾತ್ರ ತುಂಡನ್ನು ಮಡಿಸಿ ಅವನ ಜೇಬಿಗೇ ಹಾಕಿ ಕಳಿಸಿದೆ.

ಎರಡನೆಯ ವಾರ ಹುಡುಗಿ ಪಾಂಡವಪುರಕ್ಕೆ ಬಂದಳು. ಐವತ್ತೊಂದು. ನಾನು ಮೆಚ್ಚಿದೆ. ಮೂರನೆಯ ವಾರ ಅಜ್ಜಿ ಅವಳನ್ನು ಗುರುವಾರ ಕೆ.ಆರ್.ಪೇಟೆಗೆ ಕರೆತಂದರು, ಮಗನಿಗೆ ಹೇಳದೆ. ಐವತ್ತನಾಲ್ಕು. ನಾನು ಹತ್ತು ನಿಮಿಷ ಬಿಡದೆ ಬೈದೆ. ಅಜ್ಜಿಯ ಮುಖದಲ್ಲಿ ಮಾತ್ರ ಹಬ್ಬದ ಕಳೆ.

"ಅಂಗೇ ಅದ್ನ ಒಂದು ಚೀಟಿಲಿ ಬರ್ದು ಸೈನ್ ಹಾಕ್ಕೊಡವ್ವ. ನಿನ್ ಎಸ್ರು ಇರೋ ಚೀಟಿಲಿ."

ಮನೆಯವರಿಗೆ ತೋರಿಸಿ ಬುದ್ಧಿ ಹೇಳುತ್ತಾರೆಂದುಕೊಂಡು ಬರೆದುಕೊಟ್ಟೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ಸೊಂಟದ ಚೀಲದೊಳಗೆ ಇಟ್ಟುಕೊಂಡರು.

ನಾಲ್ಕನೆಯ ವಾರ ಅಪ್ಪ ಅವಳನ್ನು ನಾಗಮಂಗಲಕ್ಕೆ ಕರೆತಂದ. ಐವತ್ತು. ಎಂಟೇ ದಿನದಲ್ಲಿ ನಾಲ್ಕು ಕೆಜಿ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಅನುಮಾನ ಪಡುತ್ತಿದ್ದರು. ನನಗೆ ನನ್ನ ಬೈಗುಳದ ಮೇಲೆ ಅಷ್ಟು ನಂಬಿಕೆ. ಕಾರ್ಡಿನಲ್ಲಿ "ಉತ್ತಮ" ಎಂದು ಕೆಂಪು ಶಾಯಿಯಲ್ಲಿ ಬರೆದೆ.

ಅಲ್ಲಿಂದ ಮುಂದೆ ಅವರು ನಾಗಮಂಗಲ ಬಿಟ್ಟು ಬೇರೆಡೆ ಬರಲಿಲ್ಲ. ಶ್ರೀರಂಗಪಟ್ಟಣ ಅವರ ಮನೆಬಾಗಿಲಲ್ಲಿ, ನಾಗಮಂಗಲಕ್ಕೆ ಬಸ್ಸು ಬದಲಿಸಿ ಬರಬೇಕು. ಕೇಳಿದರೆ ಅಪ್ಪ, "ಆ ಕಡೆ ನೆಂಟ್ರವ್ರೆ ಮೇಡಂ," ಅನ್ನುತ್ತಿದ್ದ. ನಲವತ್ತೊಂಬತ್ತೂವರೆ, ನಲವತ್ತೊಂಬತ್ತು, ನಲವತ್ತೆಂಟು. ಮೇ ತಿಂಗಳ ಮೊದಲ ಶುಕ್ರವಾರ ನಲವತ್ತಾರು. ಐದು ಕೇಳಿದರೆ ಆರು ಇಳಿಸಿದ್ದಾಳೆ. ಮತ್ತು ಕೊಡುವ ಡಾಕ್ಟರಿಗೆ ಫೋನು ಮಾಡಿ ಆಪರೇಷನ್ನಿಗೆ ಮುಂದಿನ ಬುಧವಾರದ ದಿನ ಗೊತ್ತುಮಾಡಿದೆ. ಆಪರೇಷನ್ ದಿನ ಮತ್ತೆ ತೂಗುವ ಪದ್ಧತಿ ನಮ್ಮಲ್ಲಿರಲಿಲ್ಲ. ನನ್ನ ಕಾರ್ಡಿನ ಮಾತೇ ಕೊನೆಯ ಮಾತು, ಆ ನೇಮವನ್ನು ಮಾಡಿದವಳೂ ನಾನೇ.

ಅಪ್ಪ ಹೊರಗೆ ಬೀಡಿಗೆ ಹೋಗಿದ್ದ. ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದಳು.

"ಮೇಡಂ, ಮತ್ತಿನ್ ಮದ್ದು ತೂಕ ನೋಡಿ ಕೊಡ್ತಾರಂತೆ, ಅವೂದಾ?"

"ಹೌದು. ಇಷ್ಟು ಕೆಜಿಗೆ ಇಷ್ಟು ಅಂತ."

"ಯಾವ್ ಊರಿನ್ ತೂಕ ನೋಡ್ತಾರೆ?"

ನನಗೆ ಅರ್ಥವಾಗಲಿಲ್ಲ. ಅವಳು ಹೊರಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಇಲ್ಲೀದ್ ನೋಡಿ ಕೊಟ್ರೆ ಮದ್ದು ಸಾಲ್ದೆ ನಡುವ್ಲೇ ಎಚ್ಚರ ಆಗ್ಬುಡ್ತದಾ ಅಂತ."

ನಾನು ಚಪ್ಪಲಿ ಕಳಚಿ ಮಿಷನ್ನಿನ ಮೇಲೆ ನಿಂತೆ. ನಲವತ್ತೇಳು. ಶೀಲಕ್ಕೆ ಏಟು ಬಿತ್ತು. ಇಷ್ಟು ವರ್ಷ ಪ್ರತಿ ಸೋಮವಾರ ತಪ್ಪದೆ, ಆದರೆ ಸೋಮವಾರ ಮಾತ್ರ, ನನ್ನನ್ನು ನಾನು ತೂಗಿಕೊಂಡಿದ್ದೆ.

ವಾಪಸ್ಸು ಬರುವಾಗ ಕಾರಿನಲ್ಲಿ ಡ್ರೈವರನ್ನು ಮಿಷನ್ನುಗಳ ವಿಷಯ ಕೇಳಿದೆ. ಗಂಜಾಮಿನ ಮನುಷ್ಯ, ಹನ್ನೊಂದು ವರ್ಷ ನನ್ನ ಜೊತೆ ಇದ್ದವರು.

"ಎಲ್ಲಾರ್ಗೂ ಗೊತ್ತು ಅಮ್ಮಾ," ಅಂದರು ಅವರು, ಕನ್ನಡಿಯಲ್ಲಿ ನನ್ನ ಮುಖ ನೋಡದೆ. "ಸಣ್ಣಗಿರೋ ಬಚ್ಚಾಗಳ್ನ ಕೆ.ಆರ್.ಪೇಟೆಗೆ ಕರ್ಕೊಂಡ್ ಬರ್ತಾರೆ, ನೀವು ಬೈಯಲ್ಲ ಅಂತ. ದಪ್ಪ ಇರೋರ್ನ ನಾಗಮಂಗ್ಲಕ್ಕೆ. ನಮ್ ಖಾಲಾ, ಚಿಕ್ಕಮ್ಮಾನೂ ಮೊಮ್ಮಗನ್ನ ಕೆ.ಆರ್.ಪೇಟೆಗೇ ತಂದಿದ್ರು."

"ನನಗೆ ಯಾಕೆ ಹೇಳಲಿಲ್ಲ?"

"ನೀವೇ ಇಟ್ಟಿರೋದು ಅಂತ ತಿಳ್ಕೊಂಡಿದ್ದೆ ಅಮ್ಮಾ. ಒಂದೊಂದ್ ಊರಿಗೆ ಒಂದೊಂದ್ ರೇಟು ಇರಲ್ವಾ, ಅಂಗೆ."

ಶನಿವಾರ ಕಾರ್ಡುಗಳ ತಗಡಿನ ಪೆಟ್ಟಿಗೆ ತೆರೆದು ಕೂತೆ. ಕೆ.ಆರ್.ಪೇಟೆ ಅರೆಹೊಟ್ಟೆ ಮಕ್ಕಳಿಲ್ಲದ ಊರಾಗಿತ್ತು, ನಾಗಮಂಗಲದಲ್ಲಿ ಒಂದಾದರೂ ದಪ್ಪ ಮಗುವಿರಲಿಲ್ಲ. ಊರೂರ ಆಹಾರಪದ್ಧತಿಯ ವ್ಯತ್ಯಾಸವೆಂದು ಇದರ ಮೇಲೆ ನಾನೊಂದು ಪ್ರಬಂಧ ಬರೆದಿದ್ದೆ, ವೈದ್ಯರ ಸಭೆಯಲ್ಲಿ ಓದಿಯೂ ಇದ್ದೆ. ಚಪ್ಪಾಳೆ ಬಿದ್ದಿತ್ತು.

ಅದು ಹೋಗಲಿ. ಬುಧವಾರ ಹುಡುಗಿ ಮೇಜಿನ ಮೇಲೆ ಮಲಗಬೇಕು. ಅವಳ ನಿಜವಾದ ತೂಕ ನನಗೆ ಗೊತ್ತಿರಲಿಲ್ಲ. ಇಳಿದಿದ್ದಾಳೋ ಇಲ್ಲವೋ ಅದೂ ಗೊತ್ತಿಲ್ಲ. ಡ್ರೈವರಿಗೆ ಹೇಳಿ ಕಾರು ಹೊರಡಿಸಿದೆ, ಪೆಟ್ಟಿಗೆಯನ್ನೂ ಜೊತೆಗಿಟ್ಟುಕೊಂಡೆ. ಶನಿವಾರ ಮಧ್ಯಾಹ್ನ ನಾನು ಮನೆ ಬಿಟ್ಟದ್ದು ಅದೇ ಮೊದಲು.

ಅರಕೆರೆ ಕಡೆಯ ಆ ಮನೆಯ ಜಗಲಿಯಲ್ಲಿ ಅಪ್ಪ, ಮಗಳು, ಅಜ್ಜಿ ಮೂವರೂ ಇದ್ದರು. ನನ್ನ ಮಿಷನ್ನುಗಳು ಸರಿಯಿಲ್ಲ ಎಂದು ನೇರವಾಗಿ ಹೇಳಿದೆ. ಅಪ್ಪ ಕಂಬಕ್ಕೆ ಒರಗಿ ಸೂರು ನೋಡಿದ. ಅಜ್ಜಿ ಅವನತ್ತ ತಿರುಗಿದರು.

"ಅದ್ಕೇನ್ಲಾ ಕೂಸ್ನ ಎರಡೆರಡ್ ಬಸ್ಸಲ್ಲಿ ನಾಗಮಂಗ್ಲಕ್ಕೆ ಎತ್ಕೊಂಡೋಯ್ತಿದ್ದೆ?"

"ನೀನ್ಯಾಕೆ ಕೆ.ಆರ್.ಪೇಟೆಗೆ ಓಗಿದ್ದೆ ಅದ್ನ ಮೊದ್ಲು ಹೇಳವ್ವ."

ಅಜ್ಜಿ ಬಾಯಿ ಬಿಟ್ಟರು. ಆಪರೇಷನ್ ಸುಸೂತ್ರವಾದರೆ ಊರಮ್ಮನ ಗುಡಿಯಲ್ಲಿ ಮೊಮ್ಮಗಳ ತೂಕದಷ್ಟು ಬೆಲ್ಲದ ತುಲಾಭಾರ ಮಾಡುತ್ತೇನೆ ಎಂದು ಹರಕೆ ಹೊತ್ತಿದ್ದರು. ಹರಕೆ ಹೊತ್ತದ್ದು ಹುಡುಗಿ ದಪ್ಪ ಇದ್ದಾಗ. ತೆಳ್ಳಗಾದ ಮೇಲೆ ತೂಗಿದರೆ ಅಮ್ಮನಿಗೆ ಬರಬೇಕಾದ ಬೆಲ್ಲ ಕಡಿಮೆಯಾಗುತ್ತದೆ, ಅದು ದೇವರಿಗೆ ಮಾಡಿದ ಮೋಸ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ತೂಗುವ ಊರು ಯಾವುದೆಂದು ವಿಚಾರಿಸಿ, ಅಲ್ಲಿ ತೂಗಿಸಿ, ಡಾಕ್ಟರ ಸಹಿ ಮಾಡಿಸಿಕೊಂಡಿದ್ದರು. ಐವತ್ತನಾಲ್ಕು ಕೆಜಿ ಬೆಲ್ಲ ಆಗಲೇ ಅಟ್ಟ ಸೇರಿತ್ತು. ನನ್ನ ಚೀಟಿ ದೇವರ ಫೋಟೋ ಹಿಂದೆ ಇತ್ತು.

ಹೀಗೆ ಹುಡುಗಿ ನನ್ನೆದುರು ಹಗುರಾಗಿ, ದೇವರೆದುರು ಭಾರವಾಗಿ ಮೂರು ತಿಂಗಳು ತಿರುಗಿದ್ದಳು. ಯಾರೂ ಅವಳನ್ನು ಅವಳ ತೂಕಕ್ಕೆ ತೂಗಿರಲಿಲ್ಲ.

"ನಿಮ್ಮ ಬೆಲ್ಲ ತೂಗುವ ತಕ್ಕಡಿ ಎಲ್ಲಿದೆ?" ಎಂದು ಕೇಳಿದೆ.

"ಅದೇಯ ಗುಡೀಲಿ ಕಟ್ಟೋದೂವೆ," ಅಂದ ಅಪ್ಪ. "ತೂಕದ ಬಟ್ಟುಗಳಿಗೆ ಇಲಾಖೆಯೋರು ವರ್ಷ ವರ್ಷ ಮುದ್ರೆ ಒತ್ತಿ ಕೊಡ್ತಾರೆ. ಬೆಲ್ಲದಲ್ಲಿ ಯಾಮಾರ್ಸಕ್ಕಾಗಕಿಲ್ಲ ಮೇಡಂ. ಮಂಡಿಯೋರು ಬುಡಾಕಿಲ್ಲ."

ತುಲಾಭಾರವನ್ನು ಮರುದಿನ ಬೆಳಿಗ್ಗೆಯೇ ಮಾಡೋಣ ಎಂದೆ. ಹರಕೆ ತೀರಿಸಬೇಕಾದ್ದು ಆಪರೇಷನ್ ಆದ ಮೇಲೆ ಎಂದು ಅಜ್ಜಿ ತಕರಾರು ತೆಗೆದರು. ದೇವರಿಗೆ ಮುಂಚಿತವಾಗಿ ಕೊಟ್ಟರೆ ದೇವರಿಗೂ ಒಂದು ಜವಾಬ್ದಾರಿ ಬರುತ್ತದೆ ಎಂದು ವಾದಿಸಿದೆ. ಮೆಡಿಕಲ್ ಕಾಲೇಜಿನಲ್ಲಿ ಇಂಥ ವಾದ ಕಲಿಸುವುದಿಲ್ಲ. ಅಜ್ಜಿ ಎರಡು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಯೋಚಿಸಿ ಒಪ್ಪಿದರು.

ಭಾನುವಾರ ಎಂಟು ಗಂಟೆಗೆ ಗುಡಿಯ ಮುಂದಿನ ಮಂಟಪದಲ್ಲಿದ್ದೆ. ತಲೆಗೆ ಎಣ್ಣೆ ಹಾಕದ ಭಾನುವಾರ. ತೊಲೆಗೆ ಸರಪಳಿ ಬಿಗಿದು ದೊಡ್ಡ ತಕ್ಕಡಿ ಕಟ್ಟಿದ್ದರು. ಸರಪಳಿ ಗಟ್ಟಿ ಇದೆಯೋ ಇಲ್ಲವೋ ನೋಡಲು ಯಾರಾದರೂ ಮೊದಲು ಕೂರಬೇಕಿತ್ತು. ಅಜ್ಜಿ ನನ್ನ ರಟ್ಟೆ ಹಿಡಿದರು.

"ನೀನೇ ಕೂತ್ಕೊ. ಬಿದ್ರೂ ನೋವಾಗಕಿಲ್ಲ, ಮೈಯಲ್ಲಿ ಏನೈತೆ."

ಅಪ್ಪ ಆ ಕಡೆ ಬಟ್ಟುಗಳನ್ನು ಏರಿಸಿದ. ಐವತ್ತೊಂದು. ಇನ್ನೊಮ್ಮೆ ನೋಡು ಎಂದೆ. ನೋಡಿದ. ಐವತ್ತೊಂದು. ನಲವತ್ತೊಂಬತ್ತು ನಾನು ಯಾವತ್ತೂ ಆಗಿರಲಿಲ್ಲ. ಅಜ್ಜಿಗೆ ಖುಷಿಯೋ ಖುಷಿ. ತಾವು ಮೂರು ತಿಂಗಳಿಂದ ಮಗನ ಕೈಯಲ್ಲಿ ಕಳಿಸುತ್ತಿದ್ದ ಬೆಲ್ಲ ನನ್ನ ಮೈಗೆ ಹತ್ತಿದೆ ಎಂದು ಪೂಜಾರಿಗೆ ಹೇಳಿದರು. ಆ ಬೆಲ್ಲವನ್ನು ನಾನು ಮುಟ್ಟಿರಲಿಲ್ಲ, ಡ್ರೈವರಿನ ಮನೆಗೆ ಹೋಗುತ್ತಿತ್ತು. ಡ್ರೈವರು ಕಾರು ಒರೆಸಲು ಎದ್ದು ಹೋದರು.

ಆಮೇಲೆ ಹುಡುಗಿ ಕೂತಳು. ಮೊದಲು ಬೆಲ್ಲವಲ್ಲ, ಬಟ್ಟು ಎಂದೆ. ತಟ್ಟೆ ತೂಗಾಡಿ ನಿಂತಿತು. ಐವತ್ತು.

ಕೆ.ಆರ್.ಪೇಟೆಯ ಚೀಟಿ ಸರಿಯಿದ್ದರೆ ಐವತ್ತನಾಲ್ಕರಿಂದ ಐವತ್ತು. ಕೆ.ಆರ್.ಪೇಟೆಯ ಮಿಷನ್ನೊಂದೇ ಸರಿಯೆಂದು ಆಮೇಲೆ ಅದೇ ಬಟ್ಟುಗಳನ್ನು ಒಯ್ದು ನೋಡಿದಾಗ ಗೊತ್ತಾಯಿತು. ನಾಲ್ಕು ಕೆಜಿಯನ್ನು ಆ ಹುಡುಗಿ ನಿಜವಾಗಿಯೇ ಇಳಿಸಿದ್ದಳು. ಅಪ್ಪನ ನಾಗಮಂಗಲ, ಅಜ್ಜಿಯ ಕೆ.ಆರ್.ಪೇಟೆ, ನನ್ನ ಕೆಂಪು ಶಾಯಿ ಯಾವುದೂ ಅದರಲ್ಲಿ ಪಾಲು ಕೇಳುವ ಹಾಗಿರಲಿಲ್ಲ.

"ಬೆಲ್ಲ ತಿನ್ನಲಿಲ್ಲವೇನೇ?" ಎಂದು ಕೇಳಿದೆ.

"ಅವ್ವ ಕೊಡೋದ್ನ ಟೀಮಿನೋರ್ಗೆ ಕೊಡ್ತಿದ್ದೆ ಮೇಡಂ. ಸೇರಿಸ್ಕಳ್ಲಿ ಅಂತ." ಅವಳು ಅವ್ವ ಎನ್ನುತ್ತಿದ್ದುದು ಅಜ್ಜಿಯನ್ನು. "ಈಗ ನಮ್ ಕ್ಯಾಪ್ಟನ್ಗೇ ಓಡಕ್ಕಾಯ್ತಿಲ್ಲ."

ಬಟ್ಟು ಇಳಿಸಿ ಬೆಲ್ಲ ಏರಿಸಲು ಶುರುಮಾಡಿದರು. ಐವತ್ತು ಕೆಜಿಗೆ ತಕ್ಕಡಿ ಸಮಕ್ಕೆ ಬಂತು. ಪೂಜಾರಿ ಮಂಗಳಾರತಿ ತಟ್ಟೆ ಎತ್ತಿದರು. ಅಜ್ಜಿ ಅಡ್ಡ ನಿಂತರು. ಅಮ್ಮನಿಗೆ ಹೇಳಿರುವುದು ಐವತ್ತನಾಲ್ಕು, ಸಹಿ ಇದೆ, ಮಿಕ್ಕ ನಾಲ್ಕನ್ನೂ ಹಾಕಿ. ಹಾಕಿದರು. ಬೆಲ್ಲದ ತಟ್ಟೆ ನೆಲ ಮುಟ್ಟಿತು, ಹುಡುಗಿ ಮೇಲೆ ಹೋಗಿ ನೇತಾಡಿದಳು. ತಕ್ಕಡಿ ಸಮವಾಗದೆ ಹರಕೆ ಸಲ್ಲುವುದಿಲ್ಲ ಎಂದರು ಪೂಜಾರಿ. ಬೆಲ್ಲ ತೆಗೆಯುವ ಹಾಗಿಲ್ಲ ಎಂದರು ಅಜ್ಜಿ.

"ಅಮ್ಮಿ, ಇಳ್ದು ನಾಕ್ ಬಾಳೆಹಣ್ಣು ತಿನ್ಕೊಂಡ್ ಬಾ."

"ಒಲ್ಲೆ," ಅಂದಳು ಹುಡುಗಿ ಮೇಲಿನಿಂದಲೇ. ಮೂರು ತಿಂಗಳಲ್ಲಿ ಅವಳು ಅಜ್ಜಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಬಿಸಿಲೇರುತ್ತಿತ್ತು. ನಾನು ಕಾರಿಗೆ ಹೋಗಿ ತಗಡಿನ ಪೆಟ್ಟಿಗೆ ತಂದು ಅವಳ ತೊಡೆಯ ಮೇಲಿಟ್ಟೆ. ನಾಲ್ಕು ಊರಿನ ಕಾರ್ಡುಗಳು, ನನ್ನ ಪ್ರಬಂಧದ ಎರಡು ಪ್ರತಿ. ಮುಳ್ಳು ನಿಧಾನವಾಗಿ ನಡುವಿಗೆ ಬಂತು. ಇನ್ನೂ ಚೂರು ಕಡಿಮೆ ಎನ್ನಿಸಿದಾಗ ಕೆಂಪು ಶಾಯಿಯ ಬುಡ್ಡಿಯನ್ನೂ ಇಟ್ಟೆ. ಸಮವಾಯಿತು. ಮಂಗಳಾರತಿ ಆಯಿತು. ಅಷ್ಟು ವರ್ಷದ ಸುಳ್ಳು ತೂಕಗಳಿಂದ ಅಷ್ಟಾದರೂ ಉಪಯೋಗವಾಯಿತು.

ಬುಧವಾರ ಮತ್ತು ಕೊಡುವ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಗೊರಕೆ ಇದೆಯೇ ಎಂದು ಅಪ್ಪನನ್ನು ಕೇಳಿದರು. ಒಂದು ತಿಂಗಳಿಂದ ಇಲ್ಲ, ಮನೆಯಲ್ಲಿ ಗೊರಕೆ ಹೊಡೆಯುವುದು ಈಗ ತಾನೊಬ್ಬನೇ ಎಂದ ಅಪ್ಪ. ಹುಡುಗಿಯ ಎದೆ, ಗಂಟಲು ಮತ್ತೊಮ್ಮೆ ಪರೀಕ್ಷಿಸಿದರು. ಹೊಸ ಕಾರ್ಡಿನಲ್ಲಿ ಐವತ್ತು ಎಂದಿತ್ತು. ಪಕ್ಕದಲ್ಲಿ, ಎಲ್ಲಿ ತೂಗಿದ್ದು ಎಂಬ ಜಾಗದಲ್ಲಿ, ಊರಮ್ಮನ ಗುಡಿ ಎಂದು ಬರೆದಿದ್ದೆ. ಅವರು ಅದನ್ನು ಓದಿ, "ಇಲ್ಲಿಯವರೆಗೆ ನಿಮ್ಮ ಕಾರ್ಡುಗಳಲ್ಲಿ ನಂಬಬಹುದಾದದ್ದು ಇದೊಂದೇ ಅನ್ನಿ," ಎಂದು ಮದ್ದು ಅಳೆದರು. ನಲವತ್ತು ನಿಮಿಷದ ಕೆಲಸ. ಹುಡುಗಿ ನಡುವೆ ಎಚ್ಚರಗೊಳ್ಳಲಿಲ್ಲ, ಮುಗಿದ ಮೇಲೆ ಹೊತ್ತಿಗೆ ಸರಿಯಾಗಿ ಎದ್ದಳು.

ಆಮೇಲೆ ನಾನು ಮುದ್ರೆ ಒತ್ತಿದ ಹತ್ತು ಕೆಜಿಯ ಎರಡು ಬಟ್ಟು ಕೊಂಡು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡೆ. ಪ್ರತಿ ಕ್ಲಿನಿಕ್ಕಿನಲ್ಲೂ ಮೊದಲು ಅವನ್ನು ತೂಗಿ, ಮಿಷನ್ ಸರಿಮಾಡಿ, ಆಮೇಲೆ ಮಕ್ಕಳು. ನಾಗಮಂಗಲದಲ್ಲಿ ಒಂದೇ ವಾರದಲ್ಲಿ ಸುದ್ದಿ ಹಬ್ಬಿತು, ಡಾಕ್ಟ್ರಮ್ಮನ ಮಿಷನ್ನು ಕೆಟ್ಟೋಗೈತೆ, ಎಲ್ಲಾ ಮಕ್ಳನ್ನೂ ದಪ್ಪ ತೋರಿಸ್ತೈತೆ ಎಂದು. ಶುಕ್ರವಾರದ ಜನ ಅರ್ಧಕ್ಕಿಳಿದರು.

ಜುಲೈನ ಒಂದು ಸೋಮವಾರ ಹುಡುಗಿ ಶ್ರೀರಂಗಪಟ್ಟಣಕ್ಕೆ ಕೊನೆಯ ತಪಾಸಣೆಗೆ ಒಬ್ಬಳೇ ಬಂದಳು, ಶಾಲೆಯ ಮಕ್ಕಳೊಡನೆ ಬಸ್ಸಿನಲ್ಲಿ. ಗಾಯ ಮಾಗಿತ್ತು. ಓಡಬಹುದು ಎಂದೆ. ಅವಳು ಬಾಗಿಲ ಕಡೆ ಆಗಲೇ ತಿರುಗಿದ್ದಳು.

"ತೂಕ?" ಎಂದೆ.

"ಇವತ್ತು ಬ್ಯಾಡ ಮೇಡಂ. ಮ್ಯಾಚ್ ಐತೆ, ಎಲ್ರೂ ಕಾಯ್ತಾವ್ರೆ."

"ಕಂಬ ಆಗಿಯೋ?"

"ಕಂಬ ಆಗೋದು ಈಗ ನಮ್ ಕ್ಯಾಪ್ಟನ್ನು," ಅಂದವಳು ಮೆಟ್ಟಿಲಿಳಿದು ಓಡಿದಳು.

ಕರೆದು ನಿಲ್ಲಿಸಬಹುದಿತ್ತು. ಮಿಷನ್ನು ಆ ದಿನ ಬೆಳಿಗ್ಗೆಯೇ ಸರಿಮಾಡಿದ್ದು, ಅರ್ಧ ನಿಮಿಷದ ಕೆಲಸ. ನಾನು ಕಾರ್ಡು ತೆಗೆದು ದಿನಾಂಕ ಬರೆದೆ, ಗಾಯ ಮಾಗಿದೆ ಎಂದು ಬರೆದೆ. ತೂಕದ ಜಾಗವನ್ನು ಖಾಲಿ ಬಿಟ್ಟು ಪೆಟ್ಟಿಗೆಯಲ್ಲಿ ಇಟ್ಟೆ.